ಸೋಮವಾರದ ಪ್ರೊಡಕ್ಷನ್ ಮೀಟಿಂಗ್ ಎರಡೂವರೆ ಗಂಟೆ ಎಳೆಯುತ್ತೆ, ಅಜೆಂಡಾ ಹೇಗೆ ಮಾಡಬೇಕು?

ಪ್ಲಾನಿಂಗ್_ಪೀಣ್ಯ:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮಷಿನಿಂಗ್ ಯೂನಿಟ್‌ನಲ್ಲಿ ಪ್ಲಾನಿಂಗ್ ನೋಡಿಕೊಳ್ತೀನಿ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ 9, ವಿಎಂಸಿ (ವರ್ಟಿಕಲ್ ಮಷಿನಿಂಗ್ ಸೆಂಟರ್) 5, ಎರಡು ಶಿಫ್ಟ್. ಆಟೋ ಮತ್ತು ಪಂಪ್ ಪಾರ್ಟ್‌ಗಳು. ಕಾಸ್ಟಿಂಗ್ (ಎರಕದ ಭಾಗಗಳು) ಬೆಳಗಾವಿಯ ಫೌಂಡ್ರಿಯಿಂದ ಬರುತ್ತೆ, ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್ ಜಾಬ್ ವರ್ಕ್‌ಗೆ, ಅಂದ್ರೆ ಹೊರಗಿನ ಯೂನಿಟ್‌ಗಳಿಗೆ, ಹೋಗುತ್ತೆ.

ಪ್ರತಿ ಸೋಮವಾರ ಬೆಳಗ್ಗೆ 9.30ಕ್ಕೆ ವಾರದ ಮೀಟಿಂಗ್. 11 ಜನ. ಭಾನುವಾರ ರಾತ್ರಿ ವಾಟ್ಸಾಪ್ ಗ್ರೂಪ್‌ಗೆ ಹಾಕುವ ಅಜೆಂಡಾ ಹೀಗಿರುತ್ತೆ: ‘1. ಹಳೆಯ ಪೆಂಡಿಂಗ್ 2. ಪ್ರೊಡಕ್ಷನ್ 3. ಕ್ವಾಲಿಟಿ 4. ಮೇಂಟೆನೆನ್ಸ್ 5. ಪರ್ಚೇಸ್ ಮತ್ತು ಸ್ಟೋರ್ಸ್ 6. ಎಚ್‌ಆರ್ 7. ಇತರೆ.’

ಪೆಂಡಿಂಗ್ ಪಟ್ಟಿಯಲ್ಲಿ 40 ಪಾಯಿಂಟ್ ಇವೆ, ಅದನ್ನು ಓದೋದರಲ್ಲೇ ಮುಕ್ಕಾಲು ಗಂಟೆ ಹೋಗುತ್ತೆ. ಎಂಡಿ ಸಾಮಾನ್ಯವಾಗಿ 10.15ಕ್ಕೆ ಬರ್ತಾರೆ. ಅವರು ಬಂದ ಮೇಲೆ ಮೊದಲಿಂದ ಇನ್ನೊಂದು ಸಲ ಹೇಳಬೇಕು. ಪರ್ಚೇಸ್ ವಿಷಯ ಬರೋ ಹೊತ್ತಿಗೆ ಅರ್ಧ ಜನ ಶಾಪ್ ಫ್ಲೋರ್‌ಗೆ ಎದ್ದು ಹೋಗಿರ್ತಾರೆ. ಕೊನೆಗೆ ಎಲ್ಲದಕ್ಕೂ ‘ನೋಡೋಣ’ ಅಂತ ಬರೆದುಕೊಂಡು ಏಳೋದು.

ಇದನ್ನು ಒಂದು ಗಂಟೆಯಲ್ಲಿ ಮುಗಿಸೋಕೆ ಅಜೆಂಡಾವನ್ನು ಹೇಗೆ ಕಟ್ಟಬೇಕು? ವಿಷಯಗಳನ್ನು ಯಾವಾಗ, ಹೇಗೆ ಸೇರಿಸಬೇಕು? ಸಮಯ ಹೇಗೆ ಹಂಚಬೇಕು? ಟೆಂಪ್ಲೇಟ್‌ಗಳು ಬೇಡ, ತುಂಬಾ ಇವೆ. ಕಾರ್ಖಾನೆಯ ಮೀಟಿಂಗ್ ಗೊತ್ತಿರೋರು ಹೇಳಿ.

ಗಣಪತಿ_ಪಿಪಿಸಿ:

ನಿಮ್ಮ ಅಜೆಂಡಾದಲ್ಲಿ ಇರೋದು ಡಿಪಾರ್ಟ್‌ಮೆಂಟ್‌ಗಳ ಹೆಸರು, ವಿಷಯಗಳಲ್ಲ. ‘ಕ್ವಾಲಿಟಿ’ ಅಂತ ಬರೆದರೆ ಕ್ವಾಲಿಟಿಯವರು ವಾರದ ರಿಜೆಕ್ಷನ್ ಪೂರ್ತಿ ಓದ್ತಾರೆ, ಅದಕ್ಕೆ ಪ್ರೊಡಕ್ಷನ್‌ನವರು ಸಮಜಾಯಿಷಿ ಕೊಡ್ತಾರೆ. ಅಲ್ಲಿಗೆ ಅರ್ಧ ಗಂಟೆ ಹೋಯ್ತು, ತೀರ್ಮಾನ ಒಂದೂ ಇಲ್ಲ. ಅಜೆಂಡಾದ ಪ್ರತಿ ಸಾಲೂ ಒಂದು ಪ್ರಶ್ನೆ ಆಗಿರಬೇಕು, ಮತ್ತು ಅದು ಈ ಜನ ಒಟ್ಟಿಗೆ ಕೂತರೆ ಮಾತ್ರ ಬಗೆಹರಿಯೋ ಪ್ರಶ್ನೆ ಆಗಿರಬೇಕು. ಇಬ್ಬರು ಫೋನ್‌ನಲ್ಲಿ ಮುಗಿಸಬಹುದಾದದ್ದು, ಬರೀ ತಿಳಿಸಬೇಕಾದದ್ದು, ಎರಡನ್ನೂ ಅಜೆಂಡಾದಿಂದ ತೆಗೀರಿ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸ್ತೀನಿ. ಅಂಕಿಗಳು ಊಹೆಯವು, ನಿಮ್ಮವನ್ನು ಹಾಕಿಕೊಳ್ಳಿ. ‘ಕ್ವಾಲಿಟಿ’ ಅನ್ನೋ ಸಾಲಿನ ಬದಲು ಹೀಗೆ ಬರೀರಿ:

‘ಬೇರಿಂಗ್ ಹೌಸಿಂಗ್ ಬೋರ್‌ನಲ್ಲಿ ಬ್ಲೋಹೋಲ್: ಸ್ಟಾಕ್‌ನಲ್ಲಿರುವ ಕಾಸ್ಟಿಂಗ್‌ಗಳನ್ನು ಫೌಂಡ್ರಿಗೆ ವಾಪಸ್ ಕಳಿಸೋದಾ, ಇಲ್ಲೇ ರಫ್ ಬೋರ್ ಮಾಡಿ ವಿಂಗಡಿಸೋದಾ? ತರುವವರು: ಕ್ವಾಲಿಟಿ. ಬೇಕಾಗಿರೋದು: ತೀರ್ಮಾನ. 12 ನಿಮಿಷ.’

(ಬ್ಲೋಹೋಲ್ ಅಂದ್ರೆ ಎರಕದಲ್ಲಿ ಗ್ಯಾಸ್‌ನಿಂದ ಆದ ತೂತು, ರಫ್ ಬೋರ್ ಅಂದ್ರೆ ಒಳಗಿನ ರಂಧ್ರವನ್ನು ಮೊದಲು ಒರಟಾಗಿ ಕೊರೆಯೋದು.) ಅದರ ಕೆಳಗೆ ಐದಾರು ಸಾಲಿನ ಟಿಪ್ಪಣಿ. ಬಂದದ್ದು 640. ಈಗಾಗಲೇ 100 ರಫ್ ಬೋರ್ ಆಗಿದೆ, ಅದರಲ್ಲಿ 14 ಕೆಟ್ಟವು, 86 ಒಳ್ಳೆಯವು. ಒಂದಕ್ಕೆ ರಫ್ ಬೋರ್ ಸಮಯ 4 ನಿಮಿಷ. ಗುರುವಾರ 300 ಪೀಸ್ ಡಿಸ್ಪ್ಯಾಚ್. ಬದಲಿ ಕಾಸ್ಟಿಂಗ್ ಬರೋಕೆ 12 ದಿನ.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಗುರುವಾರಕ್ಕೆ ಇನ್ನೂ 214 ಒಳ್ಳೆ ಪೀಸ್ ಬೇಕು. ನೂರಕ್ಕೆ 14 ಹೋಗುತ್ತೆ ಅಂದ್ರೆ ಸುಮಾರು 250 ಕಾಸ್ಟಿಂಗ್ ಹಾಕಬೇಕು. 250ಕ್ಕೆ 1,000 ನಿಮಿಷ, ಅಂದ್ರೆ ಒಂದು ಮಷಿನ್‌ನಲ್ಲಿ ಎರಡು ಶಿಫ್ಟ್‌ಗಿಂತ ಸ್ವಲ್ಪ ಜಾಸ್ತಿ. ರಫ್ ಬೋರ್ ಹೇಗೂ ಮಾಡಲೇಬೇಕಾದ ಆಪರೇಷನ್. ಹಾಗಾಗಿ ನಷ್ಟ ಆಗೋದು ಕೆಟ್ಟ 35–36 ಪೀಸ್‌ಗೆ ಹಾಕಿದ ಎರಡೂವರೆ ಗಂಟೆ ಮಾತ್ರ. ಅಲ್ಲಿಗೆ ‘ವಾಪಸ್ಸಾ, ವಿಂಗಡಿಸೋದಾ’ ಅನ್ನೋ ಜಗಳ ಮೀಟಿಂಗ್‌ಗೆ ಮೊದಲೇ ಮುಗೀತು. ಗುರುವಾರದ ಮಟ್ಟಿಗೆ ಇಲ್ಲೇ ವಿಂಗಡಿಸಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಮೀಟಿಂಗ್‌ನಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆ ಬೇರೆ: ಉಳಿದ 290 ಕಾಸ್ಟಿಂಗ್ ಏನು ಮಾಡೋದು, ಕೆಟ್ಟ ಪೀಸ್‌ಗಳ ಮಷಿನಿಂಗ್ ಖರ್ಚನ್ನು ಫೌಂಡ್ರಿಗೆ ಡೆಬಿಟ್ ನೋಟ್ (ಅವರ ಲೆಕ್ಕದಲ್ಲಿ ಕಡಿತ) ಹಾಕೋದಾ? ಇದಕ್ಕೆ ಎಂಡಿ ಬೇಕು, ಪರ್ಚೇಸ್ ಬೇಕು. ಟಿಪ್ಪಣಿ ಬರೆಯೋ ಹೊತ್ತಿಗೇ ಪ್ರಶ್ನೆ ಎಷ್ಟು ಬದಲಾಯ್ತು ನೋಡಿ. ಅದಕ್ಕೇ ವಿಷಯ ತರುವವರೇ ಟಿಪ್ಪಣಿ ಬರೆಯಬೇಕು ಅನ್ನೋದನ್ನು ಬಿಡಬೇಡಿ. ಟಿಪ್ಪಣಿ ಇಲ್ಲದ ವಿಷಯ ಆ ವಾರ ಅಜೆಂಡಾಕ್ಕೆ ಬರಬಾರದು.

ಸಮಯ ಹಂಚೋದು: ಆ ವಿಷಯದಲ್ಲಿ ಮಾತಾಡಲೇಬೇಕಾದವರು ಎಷ್ಟು ಜನ ಅಂತ ಎಣಿಸಿ, ತಲಾ 2 ನಿಮಿಷ ಹಾಕಿ, ತೀರ್ಮಾನವನ್ನು ಬರೆದು ಓದಿ ಹೇಳೋಕೆ 3 ನಿಮಿಷ ಸೇರಿಸಿ. ಮೇಲಿನದಕ್ಕೆ ನಾಲ್ಕು ಜನ, 11 ನಿಮಿಷ, 12 ಇಡಿ. 60 ನಿಮಿಷದ ಮೀಟಿಂಗ್‌ನಲ್ಲಿ 48ಕ್ಕಿಂತ ಜಾಸ್ತಿ ಹಂಚಬೇಡಿ. ತಡವಾಗಿ ಶುರುವಾಗೋದು, ಒಂದು ವಿಷಯ ಮೀರೋದು, ಇವಕ್ಕೆ ಉಳಿದ 12 ನಿಮಿಷ ಸರಿಹೋಗುತ್ತೆ. ಅಂದ್ರೆ ನಾಲ್ಕು, ಹೆಚ್ಚೆಂದರೆ ಐದು ವಿಷಯ. ಆರನೆಯದು ಬಂದರೆ ಯಾವುದನ್ನು ತೆಗೀಬೇಕು ಅಂತ ಶನಿವಾರವೇ ತೀರ್ಮಾನ ಮಾಡಿ. ಸೋಮವಾರ ಎಲ್ಲವನ್ನೂ ಬೇಗಬೇಗ ಮಾಡೋಣ ಅಂತ ಹೊರಟರೆ ಯಾವುದೂ ಮುಗಿಯಲ್ಲ.

ಕ್ರಮದ ವಿಷಯಕ್ಕೆ ಬಂದರೆ, ಗಡುವು ಹತ್ತಿರ ಇರೋದು ಮೊದಲು. ಸುಲಭವಾದದ್ದನ್ನು ಮೊದಲು ಮುಗಿಸಿಬಿಡೋಣ ಅನ್ನೋದು ಎಲ್ಲ ಕಡೆ ಇರೋ ಅಭ್ಯಾಸ, ಅದರಿಂದಲೇ ದೊಡ್ಡ ವಿಷಯಗಳು ಕೊನೆಯ ಹತ್ತು ನಿಮಿಷಕ್ಕೆ ಬೀಳೋದು. ಒಬ್ಬರು ಒಂದೇ ವಿಷಯಕ್ಕೆ ಬೇಕಾಗಿದ್ದರೆ, ಉದಾಹರಣೆಗೆ ಟೂಲ್ ರೂಮ್‌ನವರು, ಅವರ ವಿಷಯದ ಪಕ್ಕ ಗಂಟೆ ಬರೀರಿ. ಆ ಹೊತ್ತಿಗೆ ಬಂದು ಮುಗಿಸಿ ಹೋಗಲಿ.

ಸೇರಿಸೋ ವೇಳಾಪಟ್ಟಿ: ಶುಕ್ರವಾರ ಸಂಜೆ 4ರೊಳಗೆ ಎಲ್ಲರೂ ಒಂದು ಗೂಗಲ್ ಶೀಟ್‌ನಲ್ಲಿ ಹಾಕಬೇಕು. ನಾಲ್ಕೇ ಕಾಲಂ: ಪ್ರಶ್ನೆ, ತರುವವರು, ತೀರ್ಮಾನ ಬೇಕಾ ಅಭಿಪ್ರಾಯ ಬೇಕಾ, ಎಷ್ಟು ನಿಮಿಷ. ಶನಿವಾರ ಬೆಳಗ್ಗೆ ನೀವು ಸೋಸಿ, ಟಿಪ್ಪಣಿ ಅಪೂರ್ಣ ಇದ್ದರೆ ಫೋನ್ ಮಾಡಿ ತರಿಸಿ, ಮಧ್ಯಾಹ್ನ 2ರೊಳಗೆ ಕಳಿಸಿ. ಭಾನುವಾರ ರಾತ್ರಿ ಕಳಿಸಿದ ಅಜೆಂಡಾದಿಂದ ಪ್ರಯೋಜನ ಇಲ್ಲ. ಕಾರ್ಖಾನೆ ಮುಚ್ಚಿರೋವಾಗ ಸ್ಟಾಕ್ ಎಣಿಸೋರು ಯಾರು, ಸಪ್ಲೈಯರ್‌ಗೆ ಫೋನ್ ಮಾಡೋರು ಯಾರು?

ಎಂಡಿ ತಡವಾಗಿ ಬರೋದಕ್ಕೆ ನೇರವಾಗಿ ಅವರನ್ನೇ ಕೇಳಿ, ಅವರು ಖಂಡಿತ ಕೂರಬಲ್ಲ ಸಮಯ ಯಾವುದು ಅಂತ. ಸೋಮವಾರ 9.30 ಶಾಪ್ ಫ್ಲೋರ್‌ಗೂ ಒಳ್ಳೆ ಹೊತ್ತಲ್ಲ. ಒಂದು ದಿನ ನಿಂತ ಮಷಿನ್‌ಗಳು ವಾರ್ಮ್ ಅಪ್ ಆಗಿ ಮೊದಲ ಪೀಸ್ ಅಪ್ರೂವಲ್ ಆಗೋ ಹೊತ್ತು ಅದು, ಸೂಪರ್‌ವೈಸರ್‌ಗಳ ಕಣ್ಣೆಲ್ಲ ಬಾಗಿಲ ಕಡೆ ಇರುತ್ತೆ. 11 ಗಂಟೆಗೆ ಇಡಿ. ಎಂಡಿ ಬರದಿದ್ದರೂ ಯಾವ ತೀರ್ಮಾನ ತಗೊಳ್ಳಬಹುದು ಅನ್ನೋದನ್ನು ಒಮ್ಮೆ ಬರೆಸಿಕೊಳ್ಳಿ: ಎಷ್ಟು ರೂಪಾಯಿವರೆಗಿನ ಟೂಲ್ ಖರೀದಿ, ಎಷ್ಟು ಗಂಟೆ ಓಟಿ (ಓವರ್‌ಟೈಮ್), ಯಾವ ಪಾರ್ಟ್‌ನ ಡಿಸ್ಪ್ಯಾಚ್ ಹಿಂದೆಮುಂದೆ. ಈ ಮಿತಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಅಜೆಂಡಾ ಮಾಡಿದರೂ ‘ಸಾರ್ ಬರಲಿ’ ಅಂತ ನಿಲ್ಲುತ್ತೆ.

40 ಪೆಂಡಿಂಗ್ ಪಾಯಿಂಟ್‌ಗಳನ್ನು ಓದೋದನ್ನು ಇವತ್ತೇ ನಿಲ್ಲಿಸಿ. ಪಟ್ಟಿ ಶೀಟ್‌ನಲ್ಲಿ ಇರಲಿ, ಹೊಣೆಗಾರರು ಶನಿವಾರ ಬೆಳಗ್ಗೆ ಅವರೇ ಅಪ್‌ಡೇಟ್ ಮಾಡಲಿ. ಮೀಟಿಂಗ್‌ಗೆ ಬರೋದು ಗಡುವು ಮೀರಿದ್ದು ಮತ್ತು ಬೇರೆಯವರ ಸಹಾಯ ಬೇಕಾದದ್ದು ಮಾತ್ರ. ಮೂರು ಸಲ ದಿನಾಂಕ ಮುಂದಕ್ಕೆ ಹೋದ ಪಾಯಿಂಟ್ ಇದ್ದರೆ ‘ಇದನ್ನು ಕೈಬಿಡೋದಾ, ಬೇರೆಯವರಿಗೆ ಕೊಡೋದಾ’ ಅಂತ ಅಜೆಂಡಾದಲ್ಲಿ ಹಾಕಿ. 40ರಲ್ಲಿ ಹಲವು ಅಲ್ಲೇ ಉದುರುತ್ತವೆ.

ಸುಮಾ_ಕ್ಯೂಎ:

ಗಣಪತಿ ಸರ್ ಹೇಳಿದ ಸೋಸುವಿಕೆ ನಡೀಬೇಕು ಅಂದ್ರೆ ಸೋಸಿ ತೆಗೆದದ್ದು ಹೋಗೋಕೆ ಇನ್ನೊಂದು ಜಾಗ ಬೇಕು. ಇಲ್ಲದಿದ್ದರೆ ಎರಡೇ ವಾರದಲ್ಲಿ ಎಲ್ಲವೂ ‘ಇತರೆ’ ಅನ್ನೋ ಬಾಗಿಲಿಂದ ಒಳಗೆ ಬರುತ್ತೆ.

ಬ್ರೇಕ್‌ಡೌನ್, ನಿನ್ನೆಯ ರಿಜೆಕ್ಷನ್, ಇವತ್ತು ಬರದ ಆಪರೇಟರ್, ಮುಗಿದ ಇನ್ಸರ್ಟ್ (ಟೂಲ್‌ನ ಕತ್ತರಿಸೋ ತುದಿ), ಇವು ವಾರಕ್ಕೊಮ್ಮೆ ಮಾತಾಡೋ ವಿಷಯಗಳೇ ಅಲ್ಲ. ಮಂಗಳವಾರದ ಬ್ರೇಕ್‌ಡೌನ್ ಅನ್ನು ಸೋಮವಾರ ಚರ್ಚಿಸಿದರೆ ಅದು ಇತಿಹಾಸ. ಇವಕ್ಕೆ ದಿನಾ ಬೆಳಗ್ಗೆ ಶಾಪ್ ಫ್ಲೋರ್‌ನಲ್ಲೇ ಬೋರ್ಡ್ ಮುಂದೆ ನಿಂತು 10 ನಿಮಿಷದ ಮೀಟಿಂಗ್ ಇಡಿ. ಬೋರ್ಡ್‌ನಲ್ಲಿ ನಾಲ್ಕು ಅಂಕಣ: ಸುರಕ್ಷತೆ, ಕ್ವಾಲಿಟಿ, ಡೆಲಿವರಿ, ಖರ್ಚು. ಗುರಿ ತಲುಪಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪಿನ ಬಗ್ಗೆ ಮಾತ್ರ ಮಾತು. ಯಾರು, ಇವತ್ತು ಎಷ್ಟು ಗಂಟೆಯೊಳಗೆ, ಏನು ಮಾಡ್ತಾರೆ ಅಂತ ಅಲ್ಲೇ ಮಾರ್ಕರ್‌ನಲ್ಲಿ ಬರೆಯೋದು. ಕುರ್ಚಿ ಹಾಕಬೇಡಿ, ಹಾಕಿದರೆ ಅರ್ಧ ಗಂಟೆ ಆಗುತ್ತೆ.

ದಿನದ ಬೋರ್ಡ್‌ನಿಂದ ವಾರದ ಅಜೆಂಡಾಕ್ಕೆ ಏರೋಕೆ ಒಂದು ನಿಯಮ ಇರಲಿ: ಒಂದೇ ವಿಷಯ ಮೂರು ದಿನ ಸತತ ಕೆಂಪಾಗಿದ್ದರೆ, ಅಥವಾ ಆ ಬೋರ್ಡ್ ಮುಂದೆ ನಿಂತವರ ಅಧಿಕಾರಕ್ಕೆ ಮೀರಿದ ಹಣ ಬೇಕಾದರೆ, ಆಗ ಸೋಮವಾರಕ್ಕೆ. ಹೀಗೆ ಮಾಡಿದರೆ ಶುಕ್ರವಾರ ಶೀಟ್ ತುಂಬೋದೂ ಸುಲಭ, ಬೋರ್ಡ್ ನೋಡಿದರೆ ಸಾಕು.

ವಾರದ ಮೀಟಿಂಗ್‌ನಲ್ಲಿ ಮೂಲ ಕಾರಣ ಹುಡುಕೋಕೆ ಹೋಗಬೇಡಿ. ಅತಿ ಹೆಚ್ಚು ಸಮಯ ತಿನ್ನೋದು ಇದೇ. ಒಬ್ಬರು ‘ಫಿಕ್ಸ್ಚರ್ ಇರಬಹುದು’ ಅಂತಾರೆ, ಇನ್ನೊಬ್ಬರು ‘ಟೂಲ್ ವೇರ್’ ಅಂತಾರೆ, ಅಳತೆ ಯಾರ ಕೈಯಲ್ಲೂ ಇಲ್ಲ. ವೈ-ವೈ (‘ಯಾಕೆ’ ಅಂತ ಮತ್ತೆ ಮತ್ತೆ ಕೇಳಿ ಕಾರಣ ಹುಡುಕೋದು) ಮಾಡಬೇಕಾದದ್ದು ಪೀಸ್ ಮತ್ತು ಮಷಿನ್ ಮುಂದೆ ಮೂರ್ನಾಲ್ಕು ಜನ. ಗ್ರಾಹಕರ ಕಂಪ್ಲೇಂಟ್ ಬಂದಿದ್ದರೆ 8ಡಿ ಅನ್ನೋ ಎಂಟು ಹೆಜ್ಜೆಯ ಸಮಸ್ಯೆ ಪರಿಹಾರ ಕ್ರಮದಲ್ಲಿ ಡಿ3, ಅಂದರೆ ತಕ್ಷಣದ ತಡೆ, ಅದಕ್ಕೆ ಜನ ಅಥವಾ ಹಣ ಬೇಕಾದರೆ ವಾರದ ಮೀಟಿಂಗ್‌ಗೆ ತನ್ನಿ. ಗ್ರಾಹಕರ ಗೋಡೌನ್‌ಗೆ ಹೋಗಿ ವಿಂಗಡಿಸೋಕೆ ಇಬ್ಬರನ್ನು ಕಳಿಸಬೇಕು ಅನ್ನೋದು ಅಲ್ಲಿ ತೀರ್ಮಾನ ಆಗಬೇಕಾದದ್ದು. ಡಿ4ರ ಮೂಲ ಕಾರಣಕ್ಕೆ ಮೀಟಿಂಗ್‌ನಲ್ಲಿ ಹೆಸರು ಮತ್ತು ದಿನಾಂಕ ಹಾಕಿ ಮುಂದೆ ಹೋಗಿ.

ಇನ್ನೊಂದು ಗೊಂದಲ ಹಲವು ಕಡೆ ಇರೋದರಿಂದ ಹೇಳ್ತೀನಿ. ಐಎಸ್‌ಒ 9001 ಅಥವಾ ಐಎಟಿಎಫ್ 16949 (ಆಟೋ ಉದ್ಯಮದ ಕ್ವಾಲಿಟಿ ಮಾನದಂಡ) ಸರ್ಟಿಫಿಕೇಟ್ ಇದ್ದರೆ ಮ್ಯಾನೇಜ್‌ಮೆಂಟ್ ರಿವ್ಯೂ ಬೇರೆ. ಅದರ ಅಜೆಂಡಾವನ್ನು ನಾವು ಇಷ್ಟಬಂದಂತೆ ಕಟ್ಟೋಕಾಗಲ್ಲ. ಐಎಸ್‌ಒ 9001ರ ಕ್ಲಾಜ್ 9.3.2 ರಲ್ಲಿ ಏನೇನು ಮುಂದಿಡಬೇಕು ಅಂತ ಪಟ್ಟಿಯೇ ಇದೆ: ಹಿಂದಿನ ರಿವ್ಯೂನ ಕ್ರಮಗಳು ಎಲ್ಲಿಗೆ ಬಂದಿವೆ, ಒಳಗಿನ ಹೊರಗಿನ ಬದಲಾವಣೆಗಳು, ಗ್ರಾಹಕರ ತೃಪ್ತಿ, ಕ್ವಾಲಿಟಿ ಗುರಿಗಳು, ಆಡಿಟ್ ಫಲಿತಾಂಶ, ಸಪ್ಲೈಯರ್‌ಗಳ ಸಾಧನೆ, ಸಂಪನ್ಮೂಲ ಸಾಕಾಗಿದೆಯಾ, ರಿಸ್ಕ್‌ಗಳಿಗೆ ತಗೊಂಡ ಕ್ರಮ ಫಲಿಸಿದೆಯಾ, ಸುಧಾರಣೆಯ ಅವಕಾಶಗಳು. ಐಎಟಿಎಫ್‌ನಲ್ಲಿ ಕಳಪೆ ಗುಣಮಟ್ಟದ ವೆಚ್ಚ, ವಾರಂಟಿ, ಗ್ರಾಹಕರ ಸ್ಕೋರ್‌ಕಾರ್ಡ್ ಇತ್ಯಾದಿ ಇನ್ನೂ ಸೇರುತ್ತವೆ, ವರ್ಷಕ್ಕೆ ಕನಿಷ್ಠ ಒಮ್ಮೆ ಮಾಡಲೇಬೇಕು. ವಾರದ ಮೀಟಿಂಗ್‌ನ ನಡವಳಿಯನ್ನೇ ಆಡಿಟರ್‌ಗೆ ತೋರಿಸಿದರೆ ಅರ್ಧ ಅಂಶಗಳು ಅದರಲ್ಲಿ ಇರಲ್ಲ, ಎನ್‌ಸಿ (ಮಾನದಂಡಕ್ಕೆ ಹೊಂದಿಲ್ಲ ಅನ್ನೋ ಆಕ್ಷೇಪ) ಬರುತ್ತೆ. ಎರಡನ್ನೂ ಬೇರೆ ಬೇರೆ ಇಡಿ.

ಬೆಳಗಾವಿ_ಫೌಂಡ್ರಿ:

ಗಣಪತಿ ಸರ್ ಬರದದ್ದು ಖರೇ ಐತಿ. ಫೌಂಡ್ರಿ ಕಡಿಂದ ಒಂದ್ ಮಾತ್ ಕೂಡಸ್ತೀನ್ರಿ. ‘ಬ್ಲೋಹೋಲ್ ಬಂದೈತಿ’ ಅಂತ ಅಷ್ಟ ಫೋನ್ ಮಾಡಿದ್ರ ಇಲ್ಲಿ ಯಾರಿಗೂ ಏನೂ ಮಾಡಾಕ ಬರೂದಿಲ್ಲ. ನಿಮ್ಮ ಆ ಟಿಪ್ಪಣಿಯೊಳಗ ಕಾಸ್ಟಿಂಗ್ ಮ್ಯಾಲಿನ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅನ್ನೂ ನಂಬರ್) ಹಾಕ್ರಿ. ಹೋಲ್ ಎಲ್ಲಿ ಬಂದೈತಿ, ಬೋರಿನ ಮ್ಯಾಗಿನ ಬದಿಗೋ ಕೆಳಗಿನ ಬದಿಗೋ, ಒಂದ ಜಾಗಾದಾಗೋ ಎಲ್ಲಾ ಕಡೆನೋ, ಫೋಟೋ ಹಚ್ರಿ. ಕೆಟ್ಟ 14ರಾಗ 13 ಒಂದ ಹೀಟಿನವು ಇದ್ದು ಅಂದ್ರ ನೀವು ಉಳದ 290 ವಿಂಗಡಸೂದು ಬೇಕಾಗಿಲ್ಲ, ಆ ಹೀಟ್ ನಂಬರಿನವು ಅಷ್ಟ ಬ್ಯಾರೆ ತಗದ್ರ ಆತು. ಎಲ್ಲಾ ಹೀಟಿನಾಗೂ ಒಂದ ಜಾಗಾದಾಗ ಬರಾಕತ್ತೈತಿ ಅಂದ್ರ ಕೋರಿನ (ಒಳಗಿನ ಟೊಳ್ಳು ಮಾಡೂ ಅಚ್ಚಿನ) ಗ್ಯಾಸ್ ಹೊರಗ ಹೋಗೂ ದಾರಿ ಸರಿ ಇಲ್ಲ ಅಂತ ಸಂಶಯ ಬರ್ತೈತಿ, ಅದು ನಮ್ಮ ಕೋರ್ ಬಾಕ್ಸಿನ ಕೆಲಸ. ಎರಡೂ ಬ್ಯಾರೆ ಬ್ಯಾರೆ ತೀರ್ಮಾನ.

ಸಪ್ಲೈಯರಿಗೆ ಸಂಬಂಧಪಟ್ಟ ವಿಷಯ ಇತ್ತಂದ್ರ ಅಜೆಂಡಾದಾಗ ಅವರ ಗಂಟೆ ಬರದು ಶನಿವಾರನ ತಿಳಸ್ರಿ, ‘11.05ಕ್ಕ ಫೋನ್ ಮಾಡ್ತೀವಿ, ಹೀಟ್ ರಿಜಿಸ್ಟರ್ ಮುಂದ ಇಟ್ಕೊಂಡು ಕೂಡ್ರಿ’ ಅಂತ. ತಿಳಸದ ಮಾಡಿದ್ರ ಫೋನ್ ತಗದವರಿಗೆ ಉತ್ತರಾ ಗೊತ್ತಿರೂದಿಲ್ಲ. ‘ಕೇಳಿ ಹೇಳ್ತೇವಿ’ ಅಂತಾರ, ನಿಮ್ಮ 12 ನಿಮಿಷ ಹೋತು.

‘ಇತರೆ’ ಬಗ್ಗೆ ಸುಮಾ ಮೇಡಂ ಹೇಳಿದ್ರಲ್ಲಾ. ನಮ್ಮ ಕಡೆ ಸೊಸೈಟಿ, ಪಂಚಾಯ್ತಿ, ಯಾವುದರ ವಿಷಯ ಸೂಚಿ ನೋಡ್ರಿ, ಕಡೀ ಸಾಲು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಅದ್ರಾಗ ‘ಅಪ್ಪಣೆ ಮೇರೆಗೆ’ ಅನ್ನೂದ ಮುಖ್ಯ. ನಿಮ್ಮಲ್ಲೂ ಮೀಟಿಂಗ್ ನಡಸವರ ಅಪ್ಪಣೆ ಇಲ್ಲದ ಏನೂ ಒಳಗ ಬರಬಾರದು. ಅಪ್ಪಣೆ ಕೊಡೂದು ಯಾವಾಗ? ಮುಂದಿನ ಸೋಮವಾರದ ತನಕ ತಡದ್ರ ಲುಕ್ಸಾನ ಆಗ್ತೈತಿ ಅಂದ್ರ ಅಷ್ಟ.

ಸಿಎಸ್_ಮಲ್ಲೇಶ್ವರ:

ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಒಂದು ಗೆರೆ ಎಳೆದುಕೊಳ್ಳಿ. ಎಂಡಿ ಕೂತಿದ್ದಾರೆ ಅನ್ನೋ ಕಾರಣಕ್ಕೆ ವಾರದ ಮೀಟಿಂಗ್ ಬೋರ್ಡ್ ಮೀಟಿಂಗ್ (ನಿರ್ದೇಶಕರ ಮಂಡಳಿಯ ಸಭೆ) ಆಗಲ್ಲ. ‘ಹೊಸ ವಿಎಂಸಿಗೆ ಬ್ಯಾಂಕ್ ಸಾಲ ತಗೊಳ್ಳೋದು, ತೀರ್ಮಾನ ಆಯ್ತು’ ಅಂತ ಸೋಮವಾರದ ನಡವಳಿಯಲ್ಲಿ ಬರೆದರೆ ಅದಕ್ಕೆ ಕಾನೂನಿನ ಬಲ ಇಲ್ಲ. ಕಂಪನಿ ಕಾಯ್ದೆ 2013ರ ಸೆಕ್ಷನ್ 179(3)ರ ಪ್ರಕಾರ ಸಾಲ ತಗೊಳ್ಳೋದು ಬೋರ್ಡ್ ಸಭೆಯಲ್ಲಿ ನಿರ್ಣಯವಾಗಿ ಪಾಸ್ ಆಗಬೇಕು. ಬೋರ್ಡ್ ಮೊದಲೇ ನಿರ್ಣಯ ಮಾಡಿ ಆ ಅಧಿಕಾರವನ್ನು ಎಂಡಿಗೆ ಒಪ್ಪಿಸಿದ್ದರೆ ಬೇರೆ ಮಾತು. ಇಂಥ ವಿಷಯ ಬಂದಾಗ ಅಜೆಂಡಾದಲ್ಲಿ ‘ಬೋರ್ಡ್‌ಗೆ ಶಿಫಾರಸು ಮಾಡೋದಾ?’ ಅಂತ ಬರೀರಿ.

ಬೋರ್ಡ್ ಸಭೆಗೆ ಸೆಕ್ಷನ್ 173(3)ರಂತೆ ಕನಿಷ್ಠ 7 ದಿನದ ನೋಟಿಸ್ ಬೇಕು. ಅದರ ಅಜೆಂಡಾ ಹೇಗಿರಬೇಕು ಅನ್ನೋದನ್ನು ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ 1 (ಬೋರ್ಡ್ ಸಭೆಗಳ ನಿಯಮಾವಳಿ) ಹೇಳುತ್ತೆ, ಅದರಿಂದ ನಿಮ್ಮ ಸಣ್ಣ ಮೀಟಿಂಗ್‌ಗೂ ಎರಡು ವಿಷಯ ಎತ್ತಿಕೊಳ್ಳಬಹುದು. ತೀರ್ಮಾನ ಬೇಕಾದ ಪ್ರತಿ ವಿಷಯಕ್ಕೂ ವಿವರದ ಟಿಪ್ಪಣಿ ಜೊತೆಗಿರಬೇಕು ಅನ್ನೋದು ಒಂದು. ಅದರಲ್ಲಿ ಯಾವ ನಿರ್ದೇಶಕರಿಗಾದರೂ ಸ್ವಂತ ಹಿತಾಸಕ್ತಿ ಇದ್ದರೆ ಅದನ್ನೂ ಹೇಳಬೇಕು. ಪ್ಲೇಟಿಂಗ್ ಜಾಬ್ ವರ್ಕ್ ಯಾರಿಗೆ ಕೊಡೋದು ಅನ್ನೋ ಚರ್ಚೆಯಲ್ಲಿ ಒಬ್ಬರ ಸಂಬಂಧಿಕರ ಯೂನಿಟ್ ಇದ್ದರೆ ಮೊದಲೇ ಹೇಳಿಬಿಡೋದು ಎಲ್ಲರಿಗೂ ಒಳ್ಳೆಯದು. ಎರಡನೆಯದು, ಅಜೆಂಡಾದಲ್ಲಿ ಇಲ್ಲದ ವಿಷಯ ತಗೊಳ್ಳೋಕೆ ಅಧ್ಯಕ್ಷರ ಅನುಮತಿ ಮಾತ್ರ ಸಾಲದು, ಹಾಜರಿರುವ ನಿರ್ದೇಶಕರ ಬಹುಮತದ ಒಪ್ಪಿಗೆಯೂ ಬೇಕು. ತಯಾರಿ ಇಲ್ಲದವರ ಮೇಲೆ ತೀರ್ಮಾನ ಹೇರಬಾರದು ಅನ್ನೋದು ಅದರ ಉದ್ದೇಶ.

ಪ್ಲಾನಿಂಗ್_ಪೀಣ್ಯ:

ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ಮುಂದಿನ ಸೋಮವಾರದ ಕರಡು ಮಾಡಿದ್ದೀನಿ, ತಪ್ಪು ಇದ್ದರೆ ಹೇಳಿ. ಎಂಡಿ 11 ಗಂಟೆಗೆ ಒಪ್ಪಿದ್ದಾರೆ.

ಸೋಮವಾರ 11.00 ರಿಂದ 12.00. ನಡೆಸೋರು: ಪ್ಲಾನಿಂಗ್. ಬರೆದುಕೊಳ್ಳೋರು: ಪ್ಲಾನಿಂಗ್.
11.00: ಗಡುವು ಮೀರಿದ, ಸಹಾಯ ಬೇಕಾದ ಕೆಲಸಗಳು. 5 ನಿಮಿಷ.
11.05: ಕಾಸ್ಟಿಂಗ್ ಬ್ಲೋಹೋಲ್, ಉಳಿದದ್ದನ್ನು ಏನು ಮಾಡೋದು, ಡೆಬಿಟ್ ನೋಟ್ ಹಾಕೋದಾ? ಕ್ವಾಲಿಟಿ. 12 ನಿಮಿಷ.
11.17: ವಿಎಂಸಿ 3ರ ಸ್ಪಿಂಡಲ್ ಬೇರಿಂಗ್ ಈ ವಾರವೇ ಬದಲಿಸೋದಾ, ತಿಂಗಳ ಡಿಸ್ಪ್ಯಾಚ್ ಮುಗಿದ ಮೇಲಾ? ಮೇಂಟೆನೆನ್ಸ್. 15 ನಿಮಿಷ.
11.32: ಪ್ಲೇಟಿಂಗ್ ತಡ ಆಗ್ತಿರೋದರ ಬಗ್ಗೆ ಚರ್ಚೆ. ಪರ್ಚೇಸ್, ಸ್ಟೋರ್ಸ್. 10 ನಿಮಿಷ.
11.42: ಆಯುಧ ಪೂಜೆ ವ್ಯವಸ್ಥೆ. ಎಲ್ಲರೂ. 10 ನಿಮಿಷ.

ಒಂದು ಸಂಶಯ: ಎಂಡಿ ಅಲ್ಲೇ ಹೊಸ ವಿಷಯ ಎತ್ತಿದರೆ ‘ಅಜೆಂಡಾದಲ್ಲಿ ಇಲ್ಲ ಸಾರ್’ ಅಂತ ಹೇಳೋದು ಹೇಗೆ?

ಗಣಪತಿ_ಪಿಪಿಸಿ:

ತುಂಬಾ ಸುಧಾರಿಸಿದೆ. ಆದರೆ ಕೂಡಿ ನೋಡಿ, 52 ನಿಮಿಷ ಆಗಿದೆ, 48 ದಾಟಿದೆ. ಹಿಂದಕ್ಕೆ ಎಳೆಯೋದು ಕೊನೆಯ ಎರಡು ಸಾಲುಗಳು.

‘ಪ್ಲೇಟಿಂಗ್ ತಡದ ಬಗ್ಗೆ ಚರ್ಚೆ’ ಪ್ರಶ್ನೆ ಅಲ್ಲ, ಇಬ್ಬರ ಹೆಸರಿದ್ದರೆ ಟಿಪ್ಪಣಿ ಯಾರೂ ಬರೆಯಲ್ಲ. ಪರ್ಚೇಸ್ ಒಬ್ಬರದೇ ಹೆಸರಲ್ಲಿ ‘ಪ್ಲೇಟಿಂಗ್‌ಗೆ ಎರಡನೇ ಜಾಬ್ ವರ್ಕ್ ಯೂನಿಟ್ ಹಿಡಿಯೋದಾ?’ ಅಂತ ಮಾಡಿ. ಟಿಪ್ಪಣಿಯಲ್ಲಿ ಕಳೆದ ನಾಲ್ಕು ವಾರದ ಚಲನ್ ನೋಡಿ ಕಳಿಸಿದ ದಿನ, ವಾಪಸ್ ಬಂದ ದಿನ, ನಡುವಿನ ದಿನಗಳು. ಹೋದ ದಿನ ನಮ್ಮ ಗಾಡಿ ಸಂಜೆ 6ಕ್ಕೆ ತಲುಪಿತ್ತಾ ಅನ್ನೋದನ್ನೂ ನೋಡಿಸಿ. ಸಂಜೆ ತಲುಪಿದ ಮಾಲು ಮರುದಿನದ ಪ್ಲೇಟಿಂಗ್ ತೊಟ್ಟಿಗೆ ಹೋಗುತ್ತೆ, ತಡ ಅವರದ್ದೇ ಅಂತ ಹೇಳೋಕಾಗಲ್ಲ. 8 ನಿಮಿಷ ಸಾಕು.

ಆಯುಧ ಪೂಜೆ ವಿಷಯ ಎಲ್ಲರಿಗೂ ಪ್ರೀತಿಯದ್ದು, ಅದಕ್ಕೇ ಅದನ್ನು ಈ ಪಟ್ಟಿಯಿಂದ ತೆಗೀಬೇಕು. ಹೂವು, ಕುಂಬಳಕಾಯಿ, ಸಿಹಿ, ಗಿಫ್ಟ್ ಬಗ್ಗೆ 11 ಜನರಿಗೂ ಅಭಿಪ್ರಾಯ ಇರುತ್ತೆ. ಸ್ಪಿಂಡಲ್ ಬೇರಿಂಗ್ ಬಗ್ಗೆ ಮೂವರಿಗೆ ಮಾತ್ರ. ಪಾರ್ಕಿನ್ಸನ್ ಅನ್ನೋ ಬ್ರಿಟಿಷ್ ಬರಹಗಾರ 1957ರಲ್ಲಿ ಒಂದು ಕಾಲ್ಪನಿಕ ಸಮಿತಿಯ ಮೂಲಕ ತೋರಿಸಿದ್ದು ಇದನ್ನೇ: ಅಣು ರಿಯಾಕ್ಟರ್ ಖರ್ಚು ಎರಡೂವರೆ ನಿಮಿಷದಲ್ಲಿ ಪಾಸ್, ಸೈಕಲ್ ಶೆಡ್‌ಗೆ ಮುಕ್ಕಾಲು ಗಂಟೆ. ವ್ಯವಸ್ಥೆಯನ್ನು ಎಚ್‌ಆರ್ ಮತ್ತು ಇನ್ನಿಬ್ಬರಿಗೆ ಒಂದು ಮೊತ್ತ ಹೇಳಿ ಒಪ್ಪಿಸಿಬಿಡಿ. ಅಜೆಂಡಾದಲ್ಲಿ ಉಳಿಯಬೇಕಾದದ್ದು ಪ್ರೊಡಕ್ಷನ್‌ನ ಪ್ರಶ್ನೆ ಮಾತ್ರ: ‘ಕ್ಲೀನಿಂಗ್‌ಗೆ ಯಾವ ಮಷಿನ್ ಎಷ್ಟು ಗಂಟೆಗೆ ನಿಲ್ಲಿಸೋದು, ಆ ವಾರದ ಯಾವ ಡಿಸ್ಪ್ಯಾಚ್ ಮುಂಚೆ ಕಳಿಸೋದು?’ 5 ನಿಮಿಷ. ಈಗ ಒಟ್ಟು 45.

ಸ್ಪಿಂಡಲ್ ಟಿಪ್ಪಣಿಯಲ್ಲಿ ಮೂರು ಅಂಶ ಇಲ್ಲದಿದ್ದರೆ 15 ನಿಮಿಷ 40 ಆಗುತ್ತೆ: ಸ್ಪಿಂಡಲ್ ಟೇಪರ್‌ನ ಈಗಿನ ರನ್-ಔಟ್ (ತಿರುಗುವಾಗ ಎಷ್ಟು ಓಲಾಡುತ್ತೆ) ಮತ್ತು ಹಿಂದಿನ ಸಲದ್ದು, ಬದಲಿಸೋಕೆ ಮಷಿನ್ ಎಷ್ಟು ದಿನ ನಿಲ್ಲುತ್ತೆ, ವಿಎಂಸಿ 3ರಲ್ಲಿ ಮಾತ್ರ ಓಡೋ ಪಾರ್ಟ್‌ಗಳು ಯಾವುವು ಮತ್ತು ಅವುಗಳ ಸ್ಟಾಕ್ ಎಷ್ಟು ದಿನಕ್ಕಿದೆ.

ನಡೆಸೋರೂ ಬರೆಯೋರೂ ನೀವೇ ಆಗಬೇಡಿ. ಬರೀತಾ ಇದ್ದಾಗ ಮಾತು ಎಲ್ಲಿ ದಾರಿ ತಪ್ಪಿತು ಅನ್ನೋದು ಕಾಣಲ್ಲ. ಸ್ಟೋರ್ಸ್‌ನವರು ಬರೀಲಿ. ಪ್ರತಿ ವಿಷಯ ಮುಗಿದ ಕೂಡಲೇ ಗಟ್ಟಿಯಾಗಿ ಓದಲಿ: ಏನು, ಯಾರು, ಯಾವ ದಿನ, ಆಗಿದೆ ಅಂತ ಹೇಗೆ ಗೊತ್ತಾಗುತ್ತೆ. ‘ಫೌಂಡ್ರಿ ಜೊತೆ ಮಾತಾಡೋದು’ ಅಂತ ಬರೆದರೆ ಅದು ಮುಂದಿನ 41ನೇ ಪೆಂಡಿಂಗ್. ‘ಬುಧವಾರ ಸಂಜೆಯೊಳಗೆ ಪರ್ಚೇಸ್‌ನಿಂದ ಡೆಬಿಟ್ ನೋಟ್ ಮೇಲ್’ ಅಂತ ಬರೀಬೇಕು. ಅವತ್ತೇ ಸಂಜೆ 4ರೊಳಗೆ ಗ್ರೂಪ್‌ಗೆ ಟೈಪ್ ಮಾಡಿ ಹಾಕಿ. ನೋಟ್‌ಬುಕ್‌ನ ಫೋಟೋ ಹಾಕಿದರೆ ಆಮೇಲೆ ಹುಡುಕೋಕಾಗಲ್ಲ.

ಎಂಡಿ ಹೊಸ ವಿಷಯ ಎತ್ತಿದರೆ ‘ಇಲ್ಲ’ ಅನ್ನೋ ಅಗತ್ಯ ಇಲ್ಲ. ಅಜೆಂಡಾದ ಪ್ರಿಂಟ್ ಅವರ ಮುಂದೆ ಇಟ್ಟು, ‘ಸಾರ್, ಇದಕ್ಕೆ ಎಷ್ಟು ನಿಮಿಷ ಬೇಕು, ಇವುಗಳಲ್ಲಿ ಯಾವುದನ್ನು ಮುಂದಿನ ವಾರಕ್ಕೆ ಹಾಕಲಿ?’ ಅಂತ ಕೇಳಿ. ಅವರು ಆರಿಸಿದರೆ ಆ ವಿಷಯ ನಿಜಕ್ಕೂ ದೊಡ್ಡದು, ತಗೊಳ್ಳಿ. ಇನ್ನೂ ಒಳ್ಳೆಯದು ಅಂದ್ರೆ ಶನಿವಾರ ಅಜೆಂಡಾ ಕಳಿಸೋ ಮುಂಚೆ ಐದು ನಿಮಿಷ ಅವರ ಹತ್ತಿರ ಹೋಗಿ ‘ಬೇರೇನಾದರೂ ಸೇರಿಸೋದಿದೆಯಾ ಸಾರ್’ ಅಂತ ಕೇಳೋದು.

ಸುಮಾ_ಕ್ಯೂಎ:

ಒಂದು ಸೇರ್ಪಡೆ. ಶಾಪ್ ಫ್ಲೋರ್ ಬೋರ್ಡ್ ಮುಂದಿನ ದಿನದ ಮೀಟಿಂಗ್ ಶುರು ಮಾಡಿ ಎರಡು ವಾರ ಆಗೋವರೆಗೂ ಸೋಮವಾರದ ಮೀಟಿಂಗ್ ಅನ್ನು 75 ನಿಮಿಷ ಇಡಿ. ದಿನದ ವಿಷಯಗಳು ಅಲ್ಲಿಗೆ ಪೂರ್ತಿ ಇಳಿಯೋಕೆ ಅಷ್ಟು ಸಮಯ ಬೇಕು. ಮೊದಲ ವಾರವೇ 60ಕ್ಕೆ ಇಳಿಸಿ, ಅದು ಮೀರಿದರೆ ‘ಹೊಸ ಅಜೆಂಡಾ ನಡೆಯಲ್ಲ’ ಅಂತ ಹಳೇ ರೂಢಿಗೆ ಹೋಗಿಬಿಡ್ತಾರೆ. ಕರಡಿನಲ್ಲಿ ಕಾಸ್ಟಿಂಗ್ ಸಾಲಿಗೆ ಫೌಂಡ್ರಿಯವರ ಫೋನ್ ಸಮಯ ಇನ್ನೂ ಬರೆದಿಲ್ಲ, ಹೀಟ್ ನಂಬರ್ ಪ್ರಕಾರ ಕೆಟ್ಟ ಪೀಸ್‌ಗಳನ್ನೂ ಶುಕ್ರವಾರವೇ ಬೇರೆ ಮಾಡಿಸಿಡಿ.